ಬಾಣದ ಗುರುತು, ಕಾಲಿನ ತಾಳ

ಮೈಸೂರಿನ ಮಂಡಿ ಮೊಹಲ್ಲಾದಂತಹ ಹಳೆಯ ಬಡಾವಣೆಗಳಲ್ಲಿ ನೆಲ ಒಬ್ಬರದಾದರೆ ಮಹಡಿ ಮತ್ತೊಬ್ಬರದು. ಕೆಳಗೆ ಅಂಗಡಿ, ಮೇಲೆ ಸಂಸಾರ. ಈ ಮನೆಯ ಗೋಡೆಯೇ ಪಕ್ಕದ ಮನೆಗೂ ಗೋಡೆ. ಒಬ್ಬರ ಮನೆಯ ಒಗ್ಗರಣೆಯ ಘಮ ಇನ್ನೊಬ್ಬರಿಗೆ ತಿಳಿಯುವಂತೆಯೇ ಒಬ್ಬರ ಹೆಜ್ಜೆಯ ಸದ್ದೂ ಇನ್ನೊಬ್ಬರಿಗೆ ತಿಳಿಯುತ್ತದೆ. ಇಂತಹ ಮಹಡಿಯ ಮೇಲೆ ಮನೆಯ ಮಗಳು ಟೆಲಿವಿಷನ್ನಿನ ಮುಂದೆ ಪ್ಲಾಸ್ಟಿಕ್ ಚಾಪೆಯೊಂದನ್ನು ಹಾಸಿಕೊಂಡು, ಅದರ ಮೇಲಿನ ಬಾಣದ ಗುರುತುಗಳನ್ನು ಹಾಡಿನ ಗತಿಗೆ ಮೆಟ್ಟತೊಡಗಿದಳೆಂದರೆ, ಕೆಳಗಿನವರಿಗೆ ಅದು ಸಂಗೀತವಾಗಿ ಕೇಳಿಸುವುದಿಲ್ಲ. “ಏನಮ್ಮಾ, ಮೇಲೆ ಒನಕೆ ಹಿಡಿದು ಕುಟ್ಟುತ್ತಿದ್ದೀರೇನು?” ಎಂಬ ಪ್ರಶ್ನೆ ಮೆಟ್ಟಿಲ ಬುಡದಿಂದ ಬಂದೇ ಬರುತ್ತದೆ.

ಆಗ ಹಿರಿಯರು ಮಾಡುವ ಮೊದಲ ಕೆಲಸವೆಂದರೆ ಚಾಪೆಯನ್ನು ಸುತ್ತಿ ಅಟ್ಟಕ್ಕೆ ಹಾಕುವುದು. ನೆರೆಹೊರೆಯ ಸೌಹಾರ್ದ ಮುಖ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇದು ಅವಸರದ ನಿರ್ಧಾರ. ಕೆಳಗಿನವರ ನಿದ್ದೆ ಕೆಡಿಸುವ ಆ ಸದ್ದಿನ ಬಹುಪಾಲು ಆಟದ ಅಂಗವೇ ಅಲ್ಲ. ಆಟ ಇನ್ನೂ ಕಾಲಿಗೆ ಒಗ್ಗಿಲ್ಲವೆಂಬುದರ ಲಕ್ಷಣ. ಹೆಜ್ಜೆಯ ಕ್ರಮವನ್ನೂ ಸಲಕರಣೆಯನ್ನೂ ಸರಿಪಡಿಸಿದರೆ ಅಂಕ ಏರುತ್ತದೆ, ಸದ್ದು ಇಳಿಯುತ್ತದೆ. ಮಗಳ ಆಟ ಮತ್ತು ಕೆಳಗಿನವರ ನೆಮ್ಮದಿ ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದ ಸಂಕಟವೂ ತಪ್ಪುತ್ತದೆ.

ಜಪಾನಿನ ಕುಂಟೆಬಿಲ್ಲೆ

ಈ ಬಗೆಯ ಆಟಗಳಲ್ಲಿ ಜಗತ್ಪ್ರಸಿದ್ಧವಾದದ್ದು ಜಪಾನಿನ ಕೊನಾಮಿ ಸಂಸ್ಥೆಯ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’. ೧೯೯೮ರಲ್ಲಿ ಅದು ಆ ದೇಶದ ಆಟದ ಅಂಗಡಿಗಳಲ್ಲಿ ದೊಡ್ಡ ಯಂತ್ರವಾಗಿ ಕಾಣಿಸಿಕೊಂಡಿತು. ಮರುವರ್ಷವೇ ಮನೆಯಲ್ಲಿ ಆಡುವ ಪ್ಲೇಸ್ಟೇಷನ್ ಯಂತ್ರಕ್ಕೂ ಬಂದಿತು. ೧೯೯೯ರಲ್ಲಿ ಕೊರಿಯಾದ ಆಂಡಮಿರೋ ಸಂಸ್ಥೆ ‘ಪಂಪ್ ಇಟ್ ಅಪ್’ ಎಂಬ ಮತ್ತೊಂದನ್ನು ಹೊರತಂದಿತು. ಮೊದಲನೆಯದರಲ್ಲಿ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಎಂದು ನಾಲ್ಕು ಮನೆಗಳು. ಎರಡನೆಯದರಲ್ಲಿ ನಾಲ್ಕು ಮೂಲೆಗಳೂ ನಡುವಿನದೂ ಸೇರಿ ಐದು. ೨೦೦೧ರಿಂದೀಚೆಗೆ ‘ಸ್ಟೆಪ್‌ಮೇನಿಯಾ’ ಎಂಬ ಉಚಿತ ತಂತ್ರಾಂಶ ದೊರೆಯುತ್ತಿರುವುದರಿಂದ, ಸಾಧಾರಣ ಕಂಪ್ಯೂಟರೊಂದು ಮನೆಯಲ್ಲಿದ್ದರೆ ಆಟಕ್ಕಾಗಿ ಬೇರೆ ಯಂತ್ರ ಕೊಳ್ಳಬೇಕಾಗಿಲ್ಲ.

ನಿಯಮ ಸರಳ. ಪರದೆಯ ಕೆಳಗಿನಿಂದ ಬಾಣಗಳು ಒಂದರ ಹಿಂದೊಂದು ಏರಿ ಬರುತ್ತವೆ. ಮೇಲ್ತುದಿಯಲ್ಲಿ ನಿಶ್ಚಲವಾಗಿರುವ ಗುರುತಿನೊಡನೆ ಬಾಣ ಕೂಡಿಕೊಂಡ ಕ್ಷಣದಲ್ಲಿ ನೆಲದ ಮೇಲಿನ ಅದೇ ಬಾಣವನ್ನು ಮೆಟ್ಟಬೇಕು. ನಮ್ಮ ಮಕ್ಕಳು ಸುಣ್ಣದ ಕಡ್ಡಿಯಲ್ಲಿ ಬೀದಿಯ ಮೇಲೆ ಮನೆ ಬರೆದು ಆಡಿದ ಕುಂಟೆಬಿಲ್ಲೆಗೂ ಇದಕ್ಕೂ ನಂಟಿಲ್ಲವೆಂದು ಹೇಳಲಾಗದು. ಅಲ್ಲಿ ಗೆರೆ ತುಳಿದರೆ ತಪ್ಪು. ಇಲ್ಲಿ ಹೊತ್ತು ತಪ್ಪಿದರೆ ತಪ್ಪು.

ಇದು ಕೇವಲ ಹುಡುಗಾಟವೆಂದು ಭಾವಿಸುವ ತಂದೆತಾಯಿಗಳಿಗೆ ಒಂದು ಮಾತು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ ೨೦೦೬ರಲ್ಲಿ ತನ್ನ ೭೬೫ ಸರ್ಕಾರಿ ಶಾಲೆಗಳಲ್ಲಿಯೂ ಮಕ್ಕಳ ವ್ಯಾಯಾಮಕ್ಕಾಗಿ ಈ ಆಟವನ್ನು ತರುವ ಯೋಜನೆಯನ್ನು ಪ್ರಕಟಿಸಿತು. ಮಕ್ಕಳ ಸ್ಥೂಲಕಾಯದ ಚಿಂತೆಯೇ ಅದಕ್ಕೆ ಕಾರಣ. ಆಟದ ಬಯಲು ದೂರವಾದ, ಬೀದಿಯಲ್ಲಿ ವಾಹನಗಳು ಬಿಡುವು ಕೊಡದ ಬಡಾವಣೆಯ ಮಕ್ಕಳಿಗೆ ಬೆವರು ಬರಿಸುವ ಆಟ ಮನೆಯೊಳಗೇ ದೊರೆಯುವುದು ಸಣ್ಣ ಸಂಗತಿಯಲ್ಲ.

ಭಾರವಲ್ಲ, ಹೊತ್ತು

ಹೊಸದಾಗಿ ಆಡುವವರ ಮೊದಲ ಭ್ರಮೆಯೆಂದರೆ ಗಟ್ಟಿಯಾಗಿ ಮೆಟ್ಟಿದರೆ ಯಂತ್ರಕ್ಕೆ ಚೆನ್ನಾಗಿ ತಿಳಿಯುತ್ತದೆ ಎಂಬುದು. ಯಂತ್ರಕ್ಕೆ ಭಾರದ ಪರಿವೆಯೇ ಇಲ್ಲ. ಕಾಲು ತಗುಲಿತೇ ಇಲ್ಲವೇ, ತಗುಲಿದ್ದು ಯಾವ ಕ್ಷಣದಲ್ಲಿ ಎಂಬೆರಡನ್ನೇ ಅದು ನೋಡುತ್ತದೆ. ಪೈಲ್ವಾನನು ಮೆಟ್ಟಿದರೂ ಒಂದೇ, ಅವನ ಮೊಮ್ಮಗಳು ಮೆಟ್ಟಿದರೂ ಒಂದೇ.

ಆದರೆ ಕ್ಷಣದ ವಿಷಯದಲ್ಲಿ ಅದು ಬಹಳ ನಿಷ್ಠುರ. ನಿಮಿಷಕ್ಕೆ ೧೨೦ ಪೆಟ್ಟಿನ ಹಾಡಿನಲ್ಲಿ ಪೆಟ್ಟಿನಿಂದ ಪೆಟ್ಟಿಗೆ ಅರ್ಧ ಸೆಕೆಂಡು. ಇಂದಿನ ಆವೃತ್ತಿಗಳಲ್ಲಿ ಅತ್ಯುತ್ತಮವೆಂಬ ತೀರ್ಪು ದೊರೆಯಬೇಕಾದರೆ ಕಾಲು ನಿಜವಾದ ಪೆಟ್ಟಿನಿಂದ ಆಚೀಚೆ ಹೆಚ್ಚುಕಡಿಮೆ ಸೆಕೆಂಡಿನ ಅರವತ್ತನೆಯ ಒಂದು ಭಾಗದೊಳಗೆ ಬೀಳಬೇಕು. ಕಣ್ಣಿನಿಂದ ಬಾಣವನ್ನು ನೋಡಿ, ಆಮೇಲೆ ಕಾಲೆತ್ತಿ ಇದನ್ನು ಸಾಧಿಸಲು ಯಾರಿಂದಲೂ ಆಗದು. ಕಣ್ಣು ಯಾವ ಮನೆಯೆಂದು ತಿಳಿಸಬೇಕು; ಯಾವಾಗ ಎಂಬುದನ್ನು ಕಿವಿ ತಿಳಿಸಬೇಕು.

ಈ ಪಾಠ ಮೈಸೂರಿಗೆ ಹೊಸದಲ್ಲ. ದಸರೆಯ ಮೆರವಣಿಗೆಯಲ್ಲಿ ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ಕಂಸಾಳೆಯವರು ಕುಣಿಯುವುದನ್ನು ನೋಡಿದವರಿಗೆ ಅದರ ಮರ್ಮ ಗೊತ್ತು: ಮೈ ಎಷ್ಟೇ ತಿರುಗಲಿ, ಬಾಗಲಿ, ಕೈಯ ತಾಳ ಮತ್ತೊಬ್ಬನ ತಾಳಕ್ಕೆ ತಗುಲುವ ಗಳಿಗೆ ಮಾತ್ರ ತಪ್ಪುವುದಿಲ್ಲ. ಭರತನಾಟ್ಯದ ಮನೆಗಳಲ್ಲಿ ಗುರುಗಳು ತಟ್ಟುಕೋಲನ್ನು ಹಲಗೆಯ ಮೇಲೆ ಬಡಿಯುತ್ತಾ ಅಡವು ಹೇಳಿಕೊಡುವುದೂ ಇದಕ್ಕಾಗಿಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ನರ್ತಿಸಿದ, ಜಟ್ಟಿ ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷ್ಮಮ್ಮನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ನೃತ್ಯವನ್ನು ಬೋಧಿಸಿದರು. ೧೯೯೨ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಮೈಸೂರು ಶೈಲಿಯ ಕೀರ್ತಿ ಅಭಿನಯಕ್ಕೆ ಸಂದದ್ದು ನಿಜ. ಆದರೆ ಅಭಿನಯದ ಆ ಸೌಧಕ್ಕೂ ಅಡಿಪಾಯ ಅಡವೇ. ಆ ಮಹಾಕಲೆಯನ್ನು ಈ ಆಟದೊಡನೆ ಸರಿದೂಗಿಸುವ ಉದ್ಧಟತನ ಇಲ್ಲಿ ಯಾರಿಗೂ ಬೇಡ. ಅಭ್ಯಾಸದ ಕ್ರಮವನ್ನು ಮಾತ್ರ ಅಲ್ಲಿಂದ ಧಾರಾಳವಾಗಿ ಎರವಲು ಪಡೆಯಬಹುದು.

ಅಡವನ್ನು ಮೂರು ಕಾಲಗಳಲ್ಲಿ ಕಲಿಸುತ್ತಾರೆ. ವಿಳಂಬದಲ್ಲಿ ಪೆಟ್ಟಿಗೊಂದು ಹೆಜ್ಜೆಯಾದರೆ ಮಧ್ಯಮದಲ್ಲಿ ಎರಡು, ದ್ರುತದಲ್ಲಿ ನಾಲ್ಕು. ಆಟದಲ್ಲಿಯೂ ಇದೇ ಲೆಕ್ಕ. ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ನಲ್ಲಿ ಬಾಣಗಳಿಗೆ ಕಾಲಕ್ಕೆ ತಕ್ಕ ಬಣ್ಣ ಕೊಡುವ ಏರ್ಪಾಡೊಂದಿದೆ: ಪೆಟ್ಟಿನ ಮೇಲೆ ಬೀಳುವುದು ಕೆಂಪು, ಅರ್ಧದ ಮೇಲಿನದು ನೀಲಿ, ಕಾಲಿನ ಮೇಲಿನದು ಹಳದಿ, ತಿಶ್ರದಂತಹ ಉಳಿದ ನಡೆಗಳಿಗೆ ಹಸಿರು. ಹೊಸಬರು ಈ ಏರ್ಪಾಡನ್ನು ಮೊದಲ ದಿನವೇ ಆರಿಸಿಕೊಳ್ಳುವುದು ಲೇಸು. ಬಣ್ಣ ಕಂಡೊಡನೆ ಕಾಲ ತಿಳಿದರೆ ಕಿವಿಯ ಕೆಲಸ ಅರ್ಧ ಹಗುರವಾಗುತ್ತದೆ. ಭರತನಾಟ್ಯ ಕಲಿತ ಹುಡುಗಿಯರಿಗೆ ಒಂದು ಎಚ್ಚರಿಕೆ: ಅಂಗಾಲು ಪೂರ್ತಿ ನೆಲಕ್ಕೆ ತಟ್ಟಿ ಗೆಜ್ಜೆ ನುಡಿಸುವ ಅಭ್ಯಾಸ ಇಲ್ಲಿ ಸಲ್ಲದು. ತಾಳ ಇರಲಿ, ತಟ್ಟು ಬೇಡ.

ಕಾಲನ್ನು ಎತ್ತದಿರುವ ಕಲೆ

ಹೊಸಬರ ಕಾಲು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಾಣವನ್ನು ಮೆಟ್ಟುತ್ತಾರೆ, ಕೂಡಲೇ ನಡುವಿನ ಖಾಲಿ ಜಾಗಕ್ಕೆ ಹಿಂತಿರುಗುತ್ತಾರೆ, ಮತ್ತೆ ಮೆಟ್ಟಲು ಹೊರಡುತ್ತಾರೆ. ಹೀಗೆ ಒಂದು ಹೆಜ್ಜೆಯ ಕೆಲಸಕ್ಕೆ ಎರಡು ಹೆಜ್ಜೆಯ ಶ್ರಮ. ಉಬ್ಬಸ ಬರುವುದೂ ಮಹಡಿ ಅದುರುವುದೂ ಇದರಿಂದಲೇ. ಮೆಟ್ಟಿದ ಕಾಲನ್ನು ಮೆಟ್ಟಿದಲ್ಲಿಯೇ ಬಿಡಬೇಕು. ಬಾಣದ ಮೇಲೆ ನಿಂತಿದ್ದರೆ ತಪ್ಪೆಣಿಕೆ ಆಗುವುದಿಲ್ಲ. ಬೇಡದ ಹೊತ್ತಿನಲ್ಲಿ ಕಾಲಿಟ್ಟರೂ ಸಾಮಾನ್ಯವಾಗಿ ದಂಡವಿಲ್ಲ. ಮುಂದಿನ ಬಾಣ ಬಂದಾಗ ಇನ್ನೊಂದು ಕಾಲು ಹೊರಡಲಿ.

ಎರಡನೆಯ ಸೂತ್ರ ಎಡ-ಬಲಗಳ ಸರದಿ. ಒಂದೇ ಕಾಲಿನಿಂದ ಎರಡು ಬೇರೆ ಮನೆಗಳನ್ನು ಬೆನ್ನುಬೆನ್ನಿಗೆ ಮೆಟ್ಟುವುದು ನಿಧಾನದ ಹಾಡಿಗೆ ನಡೆದೀತು. ವೇಗದ ಹಾಡಿನಲ್ಲಿ ಅದೇ ಮುಳುವು. ಎಡ, ಮುಂದೆ, ಬಲ ಎಂದು ಬಾಣಗಳು ಬಂದವೆನ್ನಿ. ಎಡಗಾಲಿನಿಂದ ಮೊದಲಿಟ್ಟರೆ ಮುಂದಿನದಕ್ಕೆ ಬಲಗಾಲು. ಆಗ ಬಲಬದಿಯ ಬಾಣಕ್ಕೆ ಎಡಗಾಲೇ ದಾಟಿ ಹೋಗಬೇಕು. ಸೊಂಟವನ್ನು ಸ್ವಲ್ಪ ತಿರುಗಿಸಿದರೆ ಇದು ನೀರು ಕುಡಿದಷ್ಟು ಸುಲಭ. ತಿರುಗಿಸದೆ ಮಾಡಹೊರಟರೆ ಕಾಲಿಗೆ ಕಾಲು ತೊಡರುತ್ತದೆ. ಹಾಡಿಲ್ಲದೆ, ಪರದೆಯಿಲ್ಲದೆ, ಬರಿಯ ನೆಲದ ಮೇಲೆ ಈ ಮೂರು ಹೆಜ್ಜೆಯನ್ನು ದಿನಕ್ಕೆ ಕೆಲವು ನಿಮಿಷ ನಡೆದು ರೂಢಿಸಿಕೊಳ್ಳುವುದು ಒಳ್ಳೆಯದು.

ಮೊಣಕಾಲು ಸ್ವಲ್ಪ ಬಾಗಿರಲಿ, ಭಾರ ಮುಂಗಾಲಿನ ಮೇಲಿರಲಿ, ಹಿಮ್ಮಡಿ ನೆಲಕ್ಕೆ ಬಡಿಯದಿರಲಿ. ಎರಡು ಬಾಣ ಒಟ್ಟಿಗೆ ಬಂದಾಗ ಗೇಣುದ್ದ ಹಾರಬೇಕಾಗಿಲ್ಲ. ಎರಡು ಪಾದಗಳೂ ಒಂದೇ ಕ್ಷಣದಲ್ಲಿ ತಗುಲಿದರೆ ಸಾಕು. ಅಂಗಡಿಯ ದೊಡ್ಡ ಯಂತ್ರಗಳಲ್ಲಿ ಬೆನ್ನ ಹಿಂದೆ ಕಬ್ಬಿಣದ ಆಸರೆಯೊಂದಿರುತ್ತದೆ. ಪಳಗಿದವರು ಕಠಿಣ ಹಾಡುಗಳಲ್ಲಿ ಅದನ್ನು ಹಿಡಿದು ಮೈಭಾರ ಇಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಕುರ್ಚಿಯ ಬೆನ್ನನ್ನೋ ಕಿಟಕಿಯ ಸರಳನ್ನೋ ಹಿಡಿಯುವ ಸಾಹಸ ಬೇಡ. ಮೊಣಕಾಲು ನೊಂದರೆ, ಊದಿಕೊಂಡರೆ, ಆಟ ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು.

ವಿಚಿತ್ರವೆನಿಸುವ ಇನ್ನೊಂದು ಮಾತಿದೆ. ಬಾಣಗಳು ಏರುವ ವೇಗವನ್ನು ಹೆಚ್ಚಿಸಿಕೊಂಡರೆ ಆಟ ಕಷ್ಟವಾಗುವುದಿಲ್ಲ, ಸುಲಭವಾಗುತ್ತದೆ. ಹಾಡಿನ ಗತಿ ಬದಲಾಗದು. ಬಾಣಗಳ ನಡುವಣ ಅಂತರ ಮಾತ್ರ ಹಿಗ್ಗುತ್ತದೆ. ಒತ್ತೊತ್ತಾಗಿ ಬರೆದ ಕಾಗದಕ್ಕಿಂತ ಬಿಡಿಬಿಡಿಯಾಗಿ ಬರೆದ ಕಾಗದ ಓದಲು ಹಿತವಲ್ಲವೇ? ಒಂದೂವರೆ ಪಟ್ಟಿನಿಂದ ಆರಂಭಿಸಿ ಕಣ್ಣು ಒಪ್ಪಿದಂತೆ ಏರಿಸಬಹುದು.

ಚಾಪೆಯೋ, ಹಲಗೆಯೋ

ಸಲಕರಣೆಯ ವಿಷಯದಲ್ಲಿ ಮೊದಲು ಪ್ಲಾಸ್ಟಿಕ್ ಚಾಪೆಯನ್ನು ನೋಡೋಣ. ಇದರೊಳಗೆ ವಿದ್ಯುತ್ ಹರಿಯುವ ಎರಡು ತೆಳು ಹಾಳೆಗಳಿದ್ದು, ನಡುವೆ ತೂತು ಕೊರೆದ ಮೆತ್ತನೆಯ ಸ್ಪಂಜು ಇರುತ್ತದೆ. ಮೆಟ್ಟಿದಾಗ ತೂತಿನ ಮೂಲಕ ಹಾಳೆಗಳು ಕೂಡಿಕೊಂಡು ಯಂತ್ರಕ್ಕೆ ಸುದ್ದಿ ಮುಟ್ಟುತ್ತದೆ. ಅಗ್ಗ, ಹಗುರ, ಸುತ್ತಿ ಬೀರುವಿನ ಮೇಲಿಡಬಹುದು. ದೋಷಗಳು ಎರಡು. ಸ್ಪಂಜು ದಿನ ಕಳೆದಂತೆ ಚಪ್ಪಟೆಯಾಗಿ ಕಾಲಿಡದಿದ್ದರೂ ಸುದ್ದಿ ಹೋಗತೊಡಗುತ್ತದೆ. ಮೇಲಾಗಿ ಹಳೆಯ ಮನೆಗಳ ನುಣುಪಾದ ಕೆಂಪು ಗಾರೆಯ ನೆಲದ ಮೇಲೆ ಚಾಪೆ ಜಾರುತ್ತದೆ. ಕಾಲು ಬಲಕ್ಕೆ ಹೋದರೆ ಬಾಣ ಎಡಕ್ಕೆ ಹೋಗಿರುತ್ತದೆ.

ಜಾರುವುದಕ್ಕೆ ಪರಿಹಾರ ದುಬಾರಿಯಲ್ಲ. ಮೂರಡಿ ಚೌಕದ ದಪ್ಪ ಪ್ಲೈವುಡ್ ಹಲಗೆಯ ಮೇಲೆ ಚಾಪೆಯನ್ನು ಬಿಗಿಯಾಗಿ ಎಳೆದು ಅಂಚುಗಳಿಗೆ ಅಗಲವಾದ ಟೇಪು ಹಾಕುವುದು. ಹಲಗೆಯ ಅಡಿಗೆ ದಪ್ಪ ರಬ್ಬರಿನ ಹಾಸು ಇಡುವುದು. ಈ ರಬ್ಬರು ಕೆಳಮನೆಯವರ ಪಾಲಿಗೆ ಅತಿ ಮುಖ್ಯವಾದ ಸಲಕರಣೆ. ಆಟಗಾರನಿಗೆ ಅದರಿಂದ ಅಂಕ ಬರದಿರಬಹುದು. ಆಟ ಮುಂದುವರಿಯಲು ಅನುಮತಿಯಂತೂ ಬರುತ್ತದೆ. ಚಾಪೆಯ ಮೇಲೆ ಬರಿಗಾಲಿನಲ್ಲಿಯೇ ಆಡತಕ್ಕದ್ದು. ಬೂಟು ಹಾಳೆಯನ್ನು ಹರಿಯುತ್ತದೆ, ಕಾಲುಚೀಲ ಜಾರಿಸುತ್ತದೆ.

ಇನ್ನೊಂದು ಬಗೆ ಗಟ್ಟಿ ಹಲಗೆ: ಲೋಹದ ಚೌಕಟ್ಟು, ಬಾಣಕ್ಕೊಂದು ಗಡುಸಾದ ಫಲಕ, ಅದರಡಿಯಲ್ಲಿ ಸ್ಪರ್ಶವನ್ನು ಅರಿಯುವ ಪಟ್ಟಿ. ಪೋಲೆಂಡಿನ ಎಲ್-ಟೆಕ್ ಎಂಬ ತಯಾರಕರ ಹಲಗೆಗಳು ಹವ್ಯಾಸಿಗಳಲ್ಲಿ ಹೆಸರಾಗಿವೆ. ಇವು ಅಲುಗುವುದಿಲ್ಲ, ಬಾಳಿಕೆ ಬರುತ್ತವೆ, ಫಲಕದ ಅಂಚು ಪಾದಕ್ಕೆ ತಿಳಿಯುವುದರಿಂದ ಕೆಳಗೆ ನೋಡದೆ ಆಡಬಹುದು. ಆದರೆ ಬೆಲೆ ಹೆಚ್ಚು, ಭಾರವೂ ಹೆಚ್ಚು, ಹಡಗಿನಲ್ಲಿಯೋ ವಿಮಾನದಲ್ಲಿಯೋ ಬರುವಾಗ ಸಾಗಣೆ ಸುಂಕಗಳ ಹೊರೆ ಬೇರೆ. ಆರು ತಿಂಗಳಾದರೂ ಚಾಪೆಯ ಮೇಲೆ ಆಸಕ್ತಿ ಕುಂದದೆ ಆಡಿದ ಮಗುವಿಗಲ್ಲದೆ ಇದನ್ನು ಕೊಳ್ಳುವುದು ದುಂದು.

ಕೈಕೆಲಸ ಬಲ್ಲವರು ಮನೆಯಲ್ಲಿಯೇ ಹಲಗೆ ಮಾಡಿಕೊಳ್ಳುವುದುಂಟು. ಪ್ಲೈವುಡ್ಡಿನ ಮೇಲೆ ಬಾಣಕ್ಕೊಂದು ತಗಡು, ಅದರ ಮೇಲೆ ಅಂಚಿನಲ್ಲಿ ಮಾತ್ರ ಸ್ಪಂಜಿನ ಪಟ್ಟಿ, ಅದಕ್ಕೆ ಅಂಟಿದಂತೆ ಇನ್ನೊಂದು ತಗಡು. ಎರಡು ತಗಡುಗಳಿಂದಲೂ ತಂತಿ ಎಳೆದು ಹಳೆಯ ಕೀಲಿಮಣೆಯ ಒಳಗಿನ ಫಲಕಕ್ಕೆ ಬೆಸುಗೆ. ತಗಡಿನ ಅಂಚುಗಳನ್ನು ಉಜ್ಜಿ ಮೊಂಡು ಮಾಡುವುದನ್ನು ಮರೆಯಬಾರದು. ಬಡಗಿಯೂ ತಗಡಿನ ಕೆಲಸದವನೂ ಹತ್ತಿರದಲ್ಲಿಯೇ ಸಿಗುವ ಹಳೆಯ ಪೇಟೆಯಲ್ಲಿ ಇದು ಅಸಾಧ್ಯದ ಕೆಲಸವೇನಲ್ಲ.

‘ಜಸ್ಟ್ ಡಾನ್ಸ್’ ಎಂಬ ಫ್ರಾನ್ಸಿನ ಆಟಕ್ಕೆ ಚಾಪೆಯೇ ಬೇಡ. ಕೈಯಲ್ಲಿ ಹಿಡಿದ ಫೋನನ್ನೇ ಸಲಕರಣೆಯಾಗಿ ಬಳಸಬಹುದು. ಹಬ್ಬಕ್ಕೆ ಬಂದ ನೆಂಟರೊಡನೆ ನಗುತ್ತ ಕುಣಿಯಲು ಸೊಗಸಾಗಿದೆ. ಆದರೆ ಹೀಗೆ ಆಡುವಾಗ ಅದು ಅಳೆಯುವುದು ಕೈಯ ಚಲನೆಯನ್ನು. ಕಾಲಿನ ತಾಳ ಕಲಿಯುವವರಿಗೆ ಅದರಿಂದ ಪ್ರಯೋಜನ ಅಲ್ಪ.

ಎಲ್ಲ ಸರಿಯಿದ್ದೂ ಅಂಕ ಬಾರದಿದ್ದರೆ ಮಗುವನ್ನು ಗದರಿಸುವ ಮೊದಲು ಟೆಲಿವಿಷನ್ನನ್ನು ಶಂಕಿಸುವುದು ನ್ಯಾಯ. ಇಂದಿನ ಟೆಲಿವಿಷನ್ನುಗಳು ಚಿತ್ರವನ್ನು ತಿದ್ದಿ ತೋರಿಸುವ ಭರದಲ್ಲಿ ಅದನ್ನು ತುಸು ತಡಮಾಡುತ್ತವೆ. ತಂತಿಯಿಲ್ಲದ ಬ್ಲೂಟೂತ್ ಧ್ವನಿಪೆಟ್ಟಿಗೆ ಹಾಡನ್ನು ಇನ್ನೂ ತಡಮಾಡುತ್ತದೆ. ಟೆಲಿವಿಷನ್ನಿನಲ್ಲಿ ‘ಗೇಮ್ ಮೋಡ್’ ಎಂಬುದಿದ್ದರೆ ಅದನ್ನು ಆರಿಸಿ, ಧ್ವನಿಗೆ ತಂತಿಯ ಪೆಟ್ಟಿಗೆಯನ್ನೇ ಬಳಸಿ, ಆಮೇಲೂ ಉಳಿದ ವ್ಯತ್ಯಾಸವನ್ನು ತಂತ್ರಾಂಶದಲ್ಲಿಯೇ ಇರುವ ತಿದ್ದುಪಡಿಯಿಂದ ಸರಿಮಾಡಿಕೊಳ್ಳಬೇಕು. ಹೆಜ್ಜೆಗಳೆಲ್ಲ ಒಂದೇ ಸಮನೆ ತಡವೆಂದು ತೀರ್ಪು ಬರುತ್ತಿದ್ದರೆ ತಪ್ಪು ಯಂತ್ರದ್ದಿರಬಹುದು. ಒಮ್ಮೆ ಮುಂಚೆ, ಒಮ್ಮೆ ತಡ ಎಂದು ಬಂದರೆ ಕಾಲಿನದು.

ಬಳಸಿದ ಚಾಪೆಯನ್ನು ಕಡಮೆ ಬೆಲೆಗೆ ಕೊಳ್ಳುವವರು ಹಣ ಕೊಡುವ ಮುನ್ನ ಅದನ್ನು ಕಂಪ್ಯೂಟರಿಗೆ ಜೋಡಿಸಿ ನಾಲ್ಕು ಬಾಣಗಳನ್ನೂ ಒಂದೊಂದಾಗಿ ಒತ್ತಿ ನೋಡಬೇಕು. ಆಮೇಲೆ ಎಡ-ಬಲಗಳನ್ನು ಒಟ್ಟಿಗೆ, ಮುಂದೆ-ಹಿಂದೆಗಳನ್ನು ಒಟ್ಟಿಗೆ ಒತ್ತಬೇಕು. ಹಳೆಯ ಪ್ಲೇಸ್ಟೇಷನ್ ಚಾಪೆಗಳನ್ನು ಕಂಪ್ಯೂಟರಿಗೆ ಕೂಡಿಸುವ ಕೆಲವು ಅಡಾಪ್ಟರುಗಳು ಎದುರುಬದುರು ಬಾಣಗಳನ್ನು ಒಮ್ಮೆಗೇ ತಿಳಿಸಲಾರವು. ಎಡವನ್ನೂ ಬಲವನ್ನೂ ಒಟ್ಟಿಗೆ ಮೆಟ್ಟಿದರೆ ಎರಡೂ ಇಲ್ಲವೆಂದೇ ಹೇಳಿಬಿಡುತ್ತವೆ. ಅಂತಹ ಸಂದರ್ಭದಲ್ಲಿ ಚಾಪೆಯನ್ನು ದೂರಬೇಕಾಗಿಲ್ಲ. ಬಾಣಗಳನ್ನು ಬೇರೆಬೇರೆ ಗುಂಡಿಗಳೆಂದು ಎಣಿಸುವ ಮತ್ತೊಂದು ಅಡಾಪ್ಟರನ್ನು ಕೇಳಿ ಪಡೆದರಾಯಿತು.