ದೀಪಕ್ಕೊಂದು ಕುಂಬಳ, ಊಟಕ್ಕೊಂದು ಕುಂಬಳ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಶರತ್ಕಾಲವೆಂದರೆ ಕುಂಬಳದ ಕಾಲ. ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಹೊಲದಲ್ಲಿ ಬಳ್ಳಿ ಒಣಗಿ, ಕಾಯಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅಕ್ಟೋಬರ್ 31ರ ಹ್ಯಾಲೋವೀನ್‌ನಲ್ಲಿ ಅದು ಮನೆ ಬಾಗಿಲ ದೀಪವಾದರೆ, ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್‌ನಲ್ಲಿ ಊಟದ ಕೊನೆಗೆ ಬರುವ ಪೈ ಎಂಬ ಸಿಹಿಯಾಗುತ್ತದೆ.

ಕುಂಬಳದ ತವರು ಅಮೆರಿಕ ಖಂಡ. ಮೆಕ್ಸಿಕೊದ ವಾಹಾಕಾ ಪ್ರಾಂತ್ಯದ ಗುಹೆಯೊಂದರಲ್ಲಿ ಸುಮಾರು 10,000 ವರ್ಷ ಹಳೆಯ ಬೀಜಗಳು ಸಿಕ್ಕಿವೆ. ಅಲ್ಲಿನ ಮೂಲನಿವಾಸಿಗಳು ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆಯುತ್ತಿದ್ದರು. ಹುರುಳಿ ಬಳ್ಳಿಗೆ ಜೋಳದ ದಂಟು ಆಸರೆ. ಹುರುಳಿಯ ಬೇರಿನಿಂದ ಮಣ್ಣಿಗೆ ಸಾರಜನಕ. ಕುಂಬಳದ ಅಗಲ ಎಲೆಯ ನೆರಳಿನಿಂದ ನೆಲದ ತೇವ ಆರುವುದಿಲ್ಲ, ಕಳೆಯೂ ಏಳುವುದಿಲ್ಲ. ಕರ್ನಾಟಕದ ಹುಳಿ, ಗೊಜ್ಜು, ಕಡುಬುಗಳಿಗೆ ಬಳಸುವ ಸಿಹಿಗುಂಬಳವೂ ಮೂಲತಃ ಆ ಖಂಡದ್ದೇ. ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಮಾತ್ರ ಬೇರೆ ಕುಲದ, ಏಷ್ಯಾದ ಬಳ್ಳಿ.

ದೀಪದ ಪದ್ಧತಿ ಬಂದದ್ದು ಐರ್ಲೆಂಡಿನಿಂದ. ಅಲ್ಲಿ ಟರ್ನಿಪ್ ಗಡ್ಡೆಯ ಒಳಭಾಗ ಕೊರೆದು, ವಿಕಾರ ಮುಖ ಕೆತ್ತಿ, ಒಳಗೆ ಕೆಂಡವನ್ನೋ ಮೇಣದ ಬತ್ತಿಯನ್ನೋ ಇಡುತ್ತಿದ್ದರು. 19ನೇ ಶತಮಾನದಲ್ಲಿ ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ವಲಸೆ ಹೋದ ಐರಿಷ್ ಜನರಿಗೆ ಅಲ್ಲಿ ಕುಂಬಳ ಹೇರಳವಾಗಿ ಸಿಕ್ಕಿತು. ಗಟ್ಟಿ ಗಡ್ಡೆಯನ್ನು ಕೊರೆಯುವುದಕ್ಕಿಂತ, ಒಳಗೆ ಟೊಳ್ಳಾಗಿರುವ ಕುಂಬಳವನ್ನು ಕೆತ್ತುವುದು ಎಷ್ಟೋ ಸಲೀಸು.

ಕೆತ್ತನೆಗೆ ತಳ ಸಮವಾಗಿ ಕೂರುವ, ಎಲ್ಲೂ ಮೆತ್ತಗಾಗದ ಕಾಯಿ ಬೇಕು. ತೊಟ್ಟಿನ ಸುತ್ತ ಮುಚ್ಚಳ ಕತ್ತರಿಸುವಾಗ ಚಾಕುವನ್ನು ಒಳಮುಖವಾಗಿ ಓರೆ ಹಿಡಿಯಬೇಕು. ನೇರವಾಗಿ ಕತ್ತರಿಸಿದ ಮುಚ್ಚಳ ಒಳಕ್ಕೆ ಬಿದ್ದುಬಿಡುತ್ತದೆ. ಬೀಜ, ನಾರು ತೆಗೆದು, ಮುಖ ಬರುವ ಕಡೆಯ ತಿರುಳನ್ನು ಸುಮಾರು ಒಂದು ಅಂಗುಲ ದಪ್ಪಕ್ಕೆ ಹೆರೆದರೆ ಕೆತ್ತುವುದೂ ಸುಲಭ, ಬೆಳಕೂ ಚೆನ್ನಾಗಿ ಹೊರಬರುತ್ತದೆ. ಆದರೆ ಕೆತ್ತಿದ ಕುಂಬಳ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಪುಟ್ಟ ಮಕ್ಕಳಿರುವ ಮನೆಗೆ ಕೆತ್ತನೆಗಿಂತ ಬಣ್ಣ ಬಳಿಯುವುದೇ ಒಳ್ಳೆಯದು: ಚಾಕುವಿನ ಭಯವಿಲ್ಲ, ಕಾಯಿ ವಾರಗಟ್ಟಲೆ ಬಾಳುತ್ತದೆ.

ದೀಪಕ್ಕೆಂದೇ ಬೆಳೆಸಿದ ದೊಡ್ಡ ಕಾಯಿಯ ತಿರುಳು ನೀರು ನೀರು, ನಾರು ಹೆಚ್ಚು, ಸಿಹಿ ಕಡಿಮೆ. ಅಡುಗೆಗೆ ಚಿಕ್ಕದಾದ, ಗಟ್ಟಿ ತಿರುಳಿನ ಬೇರೆ ತಳಿಗಳಿವೆ. ಈ ವ್ಯತ್ಯಾಸ ತಿಳಿಯದೆ ಮಾಡಿದ ಪೈ ಸಪ್ಪೆಯಾಗುತ್ತದೆ. ಪೈಗಾಗಿ ಕುಂಬಳವನ್ನು ಎರಡು ಹೋಳು ಮಾಡಿ, ಬೋರಲು ಹಾಕಿ ಒಲೆಯಲ್ಲಿ ಸುಟ್ಟು, ತಿರುಳನ್ನು ಅರೆದು, ನೀರು ಬಸಿಯುತ್ತಾರೆ. ಅದಕ್ಕೆ ಮೊಟ್ಟೆ, ಹಾಲು, ಸಕ್ಕರೆ, ದಾಲ್ಚಿನ್ನಿ, ಶುಂಠಿ, ಜಾಯಿಕಾಯಿ, ಲವಂಗ ಬೆರೆಸಿ, ಹಿಟ್ಟಿನ ಬಟ್ಟಲಿಗೆ ಸುರಿದು ಬೇಯಿಸುತ್ತಾರೆ. 1796ರಲ್ಲಿ ಪ್ರಕಟವಾದ ಅಮೀಲಿಯಾ ಸಿಮನ್ಸ್‌ಳ ‘ಅಮೆರಿಕನ್ ಕುಕರಿ’ ಪುಸ್ತಕದಲ್ಲೇ ಇದರ ಹಳೆಯ ರೂಪವಿದೆ. ಇಂದು ಬಹುಪಾಲು ಮನೆಗಳಲ್ಲಿ ಡಬ್ಬಿಯ ತಿರುಳೇ ಬಳಕೆ. ಅದರಲ್ಲಿ ಹೆಚ್ಚಿನದು ಇಲಿನಾಯ್ ರಾಜ್ಯದಲ್ಲಿ ಬೆಳೆಯುವ, ಕಿತ್ತಳೆಯ ಬದಲು ಮಣ್ಣುಬಣ್ಣದ ಸಿಪ್ಪೆಯಿರುವ ಡಿಕಿನ್‌ಸನ್ ಎಂಬ ತಳಿಯದು.

ದೀಪದ ಕುಂಬಳದಲ್ಲೂ ಬೀಜ ಎಸೆಯುವಂಥದ್ದಲ್ಲ. ನಾರು ಬಿಡಿಸಿ, ತೊಳೆದು, ಚೆನ್ನಾಗಿ ಆರಿಸಿ, ಎಣ್ಣೆ ಉಪ್ಪು ಸವರಿ ಹುರಿದರೆ ಗರಿಗರಿಯಾದ ತಿನಿಸು. ಪ್ರೋಟೀನ್, ಮೆಗ್ನೀಸಿಯಂ, ಸತು ಇದರಲ್ಲಿ ಸಾಕಷ್ಟಿವೆ. ಆಸ್ಟ್ರಿಯಾದ ಸ್ಟೈರಿಯಾದಲ್ಲಿ ಗಟ್ಟಿ ಸಿಪ್ಪೆಯಿಲ್ಲದ ಬೀಜದ ತಳಿಯಿಂದ ಕಡುಹಸಿರು ಎಣ್ಣೆ ತೆಗೆದು ಸಲಾಡ್‌ಗೆ ಬಳಸುತ್ತಾರೆ.

ಚಳಿಗಾಲಕ್ಕೆ ಕೂಡಿಡುವ ಕಾಯಿಯನ್ನು ಉಗುರು ಇಳಿಯದಷ್ಟು ಸಿಪ್ಪೆ ಬಲಿತ ಮೇಲೆ, ತೊಟ್ಟು ಉಳಿಸಿ ಕೊಯ್ಯಬೇಕು. ತೊಟ್ಟು ಹಿಡಿದು ಎತ್ತಬಾರದು. ಮುರಿದ ಜಾಗದಿಂದಲೇ ಕೊಳೆತ ಶುರುವಾಗುತ್ತದೆ. ಹತ್ತು ದಿನ ಬೆಚ್ಚಗಿನ ಜಾಗದಲ್ಲಿ ಆರಿಸಿ, ಬಳಿಕ 10ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನ, ಗಾಳಿಯಾಡುವ ಒಣ ಕೋಣೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟರೆ ಎರಡು ಮೂರು ತಿಂಗಳು ಕೆಡುವುದಿಲ್ಲ.