ಕಸೂತಿಯೋ, ಜಮಖಾನವೋ?

"ಬಿಡುಗಡೆಗೆ ಇನ್ನೂ ಎಂಟು ವಾರ ಇದೆಯಲ್ಲ, ಮಲ್ಟಿಪ್ಲೇಯರ್ ಒಂದು ಹಾಕ್ಬಿಡಿ."

ಹಣ ಹಾಕಿದವರು ಇಷ್ಟು ಹೇಳಿ, ಚಹಾ ಮುಗಿಸಿ ಎದ್ದು ಹೋದರು. ಬೆಂಗಳೂರಿನ ಆ ಪುಟ್ಟ ಆಫೀಸಿನಲ್ಲಿ ನಾವು ಐವರು ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತೆವು.

ಹದಿನಾಲ್ಕು ತಿಂಗಳಿಂದ ನಾವು ಮಾಡುತ್ತಿದ್ದದ್ದು ಮೊಬೈಲಿನಲ್ಲಿ ಆಡುವ ಚಕ್ಕಡಿ ಓಟದ ಆಟ. ನಾನು ನವಲಗುಂದದವನು. ಎರಿಹೊಲದ ಧೂಳು, ಎತ್ತಿನ ಕೊರಳ ಗೆಜ್ಜೆ, ಖಾಲಿ ಚಕ್ಕಡಿ ಸ್ಪರ್ಧೆಯ ದಿನದ ಕೇಕೆ, ಎಲ್ಲವನ್ನೂ ಅದರಲ್ಲಿ ತುಂಬಿದ್ದೆ. ಆಡುವವನು ಒಬ್ಬನೇ, ಎದುರಿನ ಮೂರು ಬಂಡಿಗಳನ್ನು ಫೋನೇ ಓಡಿಸುತ್ತಿತ್ತು. ಈಗ ಆ ಮೂರರ ಮೇಲೆ ಜೀವಂತ ಗೆಳೆಯರನ್ನು ಕೂರಿಸಬೇಕು: ಒಬ್ಬ ಅಣ್ಣಿಗೇರಿಯಲ್ಲಿ, ಒಬ್ಬ ಪುಣೆಯಲ್ಲಿ, ಇನ್ನೊಬ್ಬ ದುಬೈಯಲ್ಲಿ.

ನಮ್ಮ ಐವರಲ್ಲೇ ಎರಡು ಪಾರ್ಟಿ ಆದವು. ಆಗುತ್ತದೆ ಎಂದವನ ಕೈಯಲ್ಲಿ ಗಟ್ಟಿ ಸಾಕ್ಷಿಯೇ ಇತ್ತು: 1997ರ 'ಗೋಲ್ಡನ್‌ಐ 007'. ಬ್ರಿಟನ್ನಿನ ರೇರ್ ಕಂಪನಿ ನಿಂಟೆಂಡೊ 64ಕ್ಕಾಗಿ ಮಾಡಿದ ಈ ಬಂದೂಕಿನ ಆಟಕ್ಕೆ ನಾಲ್ವರು ಸೇರಿ ಆಡುವ ಭಾಗ ಕೂಡಿದ್ದು ಕೊನೆಯ ಆರು ತಿಂಗಳಲ್ಲಿ. ಜನ ಇವತ್ತಿಗೂ ನೆನೆಯುವುದು ಅದನ್ನೇ. "ಸರಿ, ಆ ನಾಲ್ವರು ಎಲ್ಲಿ ಕುಳಿತಿದ್ದರು?" ಅಂತ ಕೇಳಿದೆ. ಒಂದೇ ಕೋಣೆ, ಒಂದೇ ಟಿವಿ, ಪರದೆಗೆ ನಾಲ್ಕು ಹೋಳು. ಆಟದ ಲೋಕವೆಲ್ಲ ಒಂದೇ ಯಂತ್ರದ ಹೊಟ್ಟೆಯೊಳಗಿತ್ತು. ಅದನ್ನು ನಾಲ್ಕು ಊರಿನ ನಾಲ್ಕು ಫೋನಿಗೆ ಹಂಚಿದಿರೋ, ಕಥೆಯೇ ಬೇರೆ.

ಲೆಕ್ಕ ನೋಡಿ. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಒಂದೊಂದಕ್ಕೆ ಸುಮಾರು 17 ಮಿಲಿಸೆಕೆಂಡು. ಮೊಬೈಲ್ ನೆಟ್‌ವರ್ಕಿನಲ್ಲಿ ಒಂದು ಸುದ್ದಿ ಸರ್ವರಿಗೆ ಹೋಗಿ ಬರಲು 100 ಮಿಲಿಸೆಕೆಂಡು ಹಿಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಎತ್ತುಗಳು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅಷ್ಟರಲ್ಲೇ ಒಂದು ಮೀಟರ್ ಮುಂದೆ ಹೋಗಿರುತ್ತವೆ. ಗೆರೆ ಮುಟ್ಟುವ ಹೊತ್ತಿಗೆ ಒಂದು ಮೀಟರ್ ಅಂದರೆ ಸೋಲು-ಗೆಲುವು. ನನ್ನ ಫೋನಿನಲ್ಲಿ ನಾನು ಗೆದ್ದಿರುತ್ತೇನೆ, ಅಣ್ಣಿಗೇರಿಯವನ ಫೋನಿನಲ್ಲಿ ಅವನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಊರಲ್ಲಿ ಇಂಥ ಜಗಳ ಬಿಡಿಸಲು ಗೆರೆಯ ಪಕ್ಕ ಹಿರಿಯರು ನಿಂತಿರುತ್ತಾರೆ. ಆಟದಲ್ಲಿ ಆ ಹಿರಿಯನೇ ಸರ್ವರ್. ಎಲ್ಲರ ಬೆರಳಿನ ಅಪ್ಪಣೆ ಅದಕ್ಕೆ ಹೋಗಬೇಕು, ಯಾವ ಬಂಡಿ ಎಲ್ಲಿದೆ ಎಂದು ಅದೇ ಹೇಳಬೇಕು. ತೀರ್ಪು ಬರುವ ತನಕ ಫೋನು ಅಂದಾಜಿನ ಮೇಲೆ ಬಂಡಿ ಓಡಿಸುತ್ತಿರಬೇಕು, ಅಂದಾಜು ತಪ್ಪಿದರೆ ಕಣ್ಣಿಗೆ ಬೀಳದಂತೆ ತಿದ್ದಿಕೊಳ್ಳಬೇಕು. ನಮ್ಮ ಕೋಡಿನಲ್ಲಿ ಹಿರಿಯನೇ ಇರಲಿಲ್ಲ. ಓಡಿಸುವವನೂ ಫೋನು, ತೀರ್ಪು ಕೊಡುವವನೂ ಫೋನು. ಇಂಥ ಫೋನನ್ನು ನಂಬಿ ಸ್ಪರ್ಧೆ ಇಟ್ಟರೆ ಕಳ್ಳಾಟಕ್ಕೆ ಬಾಗಿಲು ತೆರೆದಿಟ್ಟಂತೆ.

ಇನ್ನೊಂದು ದಾರಿಯೂ ಇದೆ. 1997ರಲ್ಲೇ ಬಂದ 'ಏಜ್ ಆಫ್ ಎಂಪೈರ್ಸ್' ಹಳೆಯ ಮೋಡೆಮ್ ತಂತಿಯ ಮೇಲೆ ಎಂಟು ಜನರನ್ನು ಆಡಿಸಿತು. ನೂರಾರು ಸೈನಿಕರು ಎಲ್ಲೆಲ್ಲಿದ್ದಾರೆ ಎಂದು ಅದು ಕಳಿಸುತ್ತಿರಲಿಲ್ಲ. ಆಟಗಾರರ ಅಪ್ಪಣೆಗಳನ್ನಷ್ಟೇ ಕಳಿಸಿ, ಪ್ರತಿ ಯಂತ್ರವೂ ಅದೇ ಲೆಕ್ಕವನ್ನು ಚಾಚೂ ತಪ್ಪದೆ ಮಾಡುವಂತೆ ಕಟ್ಟಿದ್ದರು. ಇದರ ಪಾಡನ್ನು ಆ ಎಂಜಿನಿಯರುಗಳೇ ಬರೆದಿಟ್ಟಿದ್ದಾರೆ. ಒಂದು ಯಂತ್ರದಲ್ಲಿ ಜಿಂಕೆಯೊಂದು ಕೂದಲೆಳೆಯಷ್ಟು ಸರಿದು ನಿಂತಿದ್ದರೆ ಸಾಕು, ಕೆಲವು ನಿಮಿಷದ ಮೇಲೆ ಬೇಟೆಗಾರನ ಭರ್ಚಿ ಅಲ್ಲಿ ಗುರಿ ತಪ್ಪುತ್ತದೆ, ಇಲ್ಲಿ ತಾಗುತ್ತದೆ. ಎರಡು ಲೋಕಗಳು ಅಲ್ಲಿಗೇ ಬೇರೆ ಬೇರೆ. ನಮ್ಮ ಎತ್ತುಗಳಂತೂ ಪ್ರತಿ ಫೋನಿನಲ್ಲಿ ತಮಗೆ ತೋಚಿದಾಗ ಬೆದರುತ್ತಿದ್ದವು.

ಸಣ್ಣವೆಂದು ಬಿಟ್ಟ ಸಂಗತಿಗಳೂ ಎದ್ದು ನಿಂತವು. ಅವ್ವನ ಫೋನು ಬಂದರೆ ನಮ್ಮ ಆಟ ತಾನಾಗಿ ನಿಲ್ಲುತ್ತಿತ್ತು. ಇನ್ನು ಮೇಲೆ ಯಾರ ಅವ್ವನ ಫೋನಿಗೆ ನಿಲ್ಲಬೇಕು?

ಈ ವಾದವನ್ನು ತಲೆಯಲ್ಲಿ ಹೊತ್ತುಕೊಂಡೇ ಆ ವರ್ಷ ರಾಮಲಿಂಗ ಕಾಮಣ್ಣನ ಹಬ್ಬಕ್ಕೆ ಊರಿಗೆ ಬಂದೆ. ಜಮಖಾನ ನೇಯುವವರ ಓಣಿಯಲ್ಲಿ ಚಿಕ್ಕಂದಿನಿಂದ ನನಗೆ ಸಲುಗೆಯ ಮನೆಯೊಂದಿದೆ. ನವಲಗುಂದದ ಜಮಖಾನಕ್ಕೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನೇಯುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಮಗ್ಗ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ, ನೇಯ್ಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ನವಿಲಿನಷ್ಟೇ ಹೆಸರಾದ ಇನ್ನೊಂದು ಚಿತ್ತಾರ ಪಗಡೆಹಾಸು: ನಾಲ್ಕು ತೋಳು, ಒಂದೊಂದು ತೋಳಿಗೆ ಮೂರು ಸಾಲು, ಸಾಲಿಗೆ ಎಂಟು ಮನೆ. ಅಂದು ಆ ಮನೆಯ ಚಾಚಿ ಉಗುರಿನಿಂದ ಹಾಸಿನ ಎಳೆ ಎಣಿಸುತ್ತ ಕುಳಿತಿದ್ದರು. ಪಗಡೆ ಮೂಡಬೇಕಾದದ್ದು ನಟ್ಟನಡುವೆ. ನೇಯ್ಗೆ ಇನ್ನೂ ಗೇಣುದ್ದವೂ ಆಗಿರಲಿಲ್ಲ, ಎಣಿಕೆ ಮಾತ್ರ ಆಗಲೇ ನಡೆದಿತ್ತು.

"ಚಾಚಿ, ಪೂರಾ ನೇದ ಮ್ಯಾಲೆ ಪಗಡಿ ಬೇಕು ಅಂದ್ರ?"

"ಬಿಚ್ಚಬೇಕಾಕ್ಕೈತಿ. ಬಿಚ್ಚಿದ ದಾರದ ರೊಕ್ಕ ಯಾರು ಕೊಡ್ತಾರಪಾ?"

ನಮ್ಮ ಆಫೀಸಿನಲ್ಲಿ ಈ ಎರಡನೆಯ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆಗುತ್ತದೋ ಇಲ್ಲವೋ ಎಂದೇ ಗುದ್ದಾಡಿದ್ದೆವು. ಆಗುತ್ತದೆ. ಎರಿಕ್ ಬರೋನ್ ಒಬ್ಬರೇ ಕೂತು ಕಟ್ಟಿದ ಬೇಸಾಯದ ಆಟ 'ಸ್ಟಾರ್‌ಡ್ಯೂ ವ್ಯಾಲಿ' ಒಂಟಿಯಾಟವಾಗಿ ಬಂದದ್ದು 2016ರ ಫೆಬ್ರುವರಿಯಲ್ಲಿ. ಗೆಳೆಯರೊಂದಿಗೆ ಹೊಲ ಮಾಡುವ ಸೌಲಭ್ಯ ಕಂಪ್ಯೂಟರಿಗೆ ಬಂದದ್ದು 2018ರ ಆಗಸ್ಟಿನಲ್ಲಿ, ಪ್ರಕಾಶಕರ ಕಡೆಯವರು ನೆಟ್‌ವರ್ಕಿನ ಕೆಲಸಕ್ಕೆ ಕೈಜೋಡಿಸಿದ ಮೇಲೆ. ಎರಡೂವರೆ ವರ್ಷ. ಅಷ್ಟರಲ್ಲಿ ಆಟ ಹತ್ತು ಲಕ್ಷಕ್ಕೂ ಮೀರಿ ಮಾರಿತ್ತು. ದಾರದ ರೊಕ್ಕ ಅಲ್ಲಿಂದ ಹುಟ್ಟಿತು. ನಮ್ಮ ಹತ್ತಿರ ಇದ್ದದ್ದು ಎಂಟು ವಾರ, ಐದು ಸಂಬಳ.

ಮನೆಗೆ ಬಂದರೆ ಅವ್ವ ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದಳು. ಗೋಪುರ, ತೇರು, ಆನೆ. ಸೀರೆ ನೇಯ್ದವರಿಗೆ ಈ ಆನೆಯ ಸುದ್ದಿಯೇ ಗೊತ್ತಿಲ್ಲ, ಆದರೂ ಅದು ಚೆಂದಾಗಿ ಕೂತಿದೆ. ಕೊನೆಗೆ ಸೇರಿಸಬಹುದಾದದ್ದು ಇಂಥದ್ದು, ಹಾಸನ್ನು ಮುಟ್ಟದ್ದು. ಅಂಕಗಳ ಪಟ್ಟಿ, ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ಆಡುವುದು, ಗೆಳೆಯನಿಗೆ ಸವಾಲು ಕಳಿಸುವುದು, ಎಲ್ಲವೂ ಕಸೂತಿ.

ಬೆಂಗಳೂರಿಗೆ ಮರಳಿ ನೆರಳುಬಂಡಿ ಮಾಡಿದೆವು. ಗೆಳೆಯ ಓಡಿದ ಓಟ ದಾಖಲಾಗುತ್ತದೆ. ನೀವು ಆಡುವಾಗ ಅವನ ಬಂಡಿ ಮಸುಕಾಗಿ ಪಕ್ಕದಲ್ಲೇ ಓಡುತ್ತದೆ. 1992ರ 'ಸೂಪರ್ ಮಾರಿಯೊ ಕಾರ್ಟ್'ನಲ್ಲೇ ಇಂಥ ನೆರಳು ಇತ್ತು, ನಮ್ಮ ಸ್ವಂತ ಬುದ್ಧಿಯೇನಲ್ಲ. ಓಟ ನಿನ್ನೆಯದಾದ್ದರಿಂದ ನೆಟ್‌ವರ್ಕ್ ತಡವಾದರೂ ಚಿಂತೆಯಿಲ್ಲ, ಪೈಪೋಟಿಗೆ ಎದುರಾಳಿ ಎಚ್ಚರವಾಗಿರಬೇಕಾಗಿಯೂ ಇಲ್ಲ. ಮೂರು ವಾರದ ಕೆಲಸ.

ಹಣ ಹಾಕಿದವರು ಆಡಿ ನೋಡಿ, "ಇದು ಮಲ್ಟಿಪ್ಲೇಯರ್ ಅಲ್ಲವಲ್ಲ" ಎಂದರು. ಅಲ್ಲ ಎಂದು ಒಪ್ಪಿಕೊಂಡೆ. ಆಟ ಹೇಳಿದ ದಿನಕ್ಕೆ ಹೊರಬಂತು.

ಈಗ ನವಲಗುಂದದಲ್ಲೇ ಕುಳಿತು ಮುಂದಿನ ಆಟ ಶುರುಮಾಡಿದ್ದೇನೆ. ಮೊದಲ ವಾರದಿಂದಲೇ ಮೇಜಿನ ಮೇಲೆ ಎರಡು ಫೋನು. ಬೇಕಂತಲೇ ನೆಟ್‌ವರ್ಕನ್ನು ನಿಧಾನ ಮಾಡಿಟ್ಟು, ಬೋಳು ಬಯಲಿನ ಮೇಲೆ ಎರಡು ಚೌಕಗಳನ್ನು ಓಡಿಸುತ್ತೇನೆ. ಎರಡೂ ಪರದೆಯಲ್ಲಿ ಒಂದೇ ಚೌಕ ಗೆಲ್ಲಬೇಕು. ಎತ್ತಿಗೆ ಇನ್ನೂ ಕೋಡು ಮೂಡಿಲ್ಲ.