ಅನುದಾನ ಬಂದರೆ ಸಾಲದು, ಊರು ಒಂದಾಗಬೇಕು



ಸೊಲ್ಲಾಪುರ, ಜತ್ತ ಭಾಗದ ಮಡ್ಡಿ ಭೂಮಿಯಲ್ಲಿ ಜೋರು ಮಳೆ ಬಿದ್ದರೆ ನೀರಿನೊಡನೆ ಮಣ್ಣೂ ಹಳ್ಳ ಸೇರುತ್ತದೆ. ಇದನ್ನು ತಡೆಯುವುದು ಒಬ್ಬ ರೈತನಿಂದ ಆಗದು. ಊರಿನ ಒಗ್ಗಟ್ಟೂ ಬೇಕು, ಹಣವೂ ಬೇಕು.

ಇವೆರಡನ್ನೂ ಕೂಡಿಸಿದ ಕಾರ್ಯವೊಂದು ಮಹಾರಾಷ್ಟ್ರದಲ್ಲಿ ನಡೆದಿದೆ. ಅದು 1992ರಲ್ಲಿ ಆರಂಭವಾದ ಭಾರತ-ಜರ್ಮನ್ ಜಲಾನಯನ ಅಭಿವೃದ್ಧಿ ಕಾರ್ಯಕ್ರಮ. ಜರ್ಮನಿಯ ಅನುದಾನವು ನಬಾರ್ಡ್ ಬ್ಯಾಂಕಿನ ಮೂಲಕ ಗ್ರಾಮ ಜಲಾನಯನ ಸಮಿತಿಗೂ ಅದಕ್ಕೆ ನೆರವಾದ ಸ್ವಯಂಸೇವಾ ಸಂಸ್ಥೆಗೂ ದೊರೆಯಿತು.

ಆದರೆ ಹಣಕ್ಕಿಂತ ಮುಂಚೆ ಕರಾರುಗಳಿದ್ದವು. ಊರವರು ಶ್ರಮದಾನ ಮಾಡಬೇಕು. ಗಿಡಮರಗಳಿಗೆ ಕೊಡಲಿ ಹಾಕಬಾರದು. ಕೆಲಸ ನಡೆದ ನೆಲದಲ್ಲಿ ದನಕರುಗಳನ್ನು ಬಿಟ್ಟು ಮೇಯಿಸಬಾರದು. ಮೊದಲು ಸಣ್ಣ ಕ್ಷೇತ್ರದಲ್ಲಿ ಮಾಡಿ ತೋರಿಸಿದ ಊರಿಗೇ ಪೂರ್ಣ ನೆರವು. ಕೆಲಸವೂ ಗುಡ್ಡದ ತಲೆಯಿಂದಲೇ ಆರಂಭ. ಅಲ್ಲಿ ಸಮಪಾತಳಿ ಚರಿ, ಹೊಲದಲ್ಲಿ ಒಡ್ಡು, ಕೊನೆಗೆ ಹಳ್ಳಕ್ಕೆ ಅಡ್ಡಗಟ್ಟೆ. ಮೇಲೆ ತಡೆಯದ ನೀರು ಕೆಳಗಿನ ಗಟ್ಟೆಯನ್ನು ಹೂಳಿನಿಂದ ತುಂಬಿಸದೆ ಬಿಡದು.

1999-2000ರಲ್ಲಿ 200 ಕೋಟಿ ರೂಪಾಯಿಯ ಜಲಾನಯನ ಅಭಿವೃದ್ಧಿ ನಿಧಿಯು ನಬಾರ್ಡ್‌ನಲ್ಲಿ ಸ್ಥಾಪನೆಯಾಗಿ, ಈ ಪದ್ಧತಿ ಬೇರೆ ರಾಜ್ಯಗಳಿಗೂ ಹರಡಿತು.

ಒಂದು ಮಾತನ್ನು ಮರೆಯಬಾರದು. ಮೇಯಿಸುವುದನ್ನು ನಿಲ್ಲಿಸಿದರೆ ಮೊದಲು ಪೆಟ್ಟು ಬೀಳುವುದು ಹೊಲವಿಲ್ಲದ ಕುರಿಗಾರನಿಗೆ. ಬಾವಿಯ ನೀರು ಏರಿದರೆ ಲಾಭ ಬಾವಿಯುಳ್ಳವನಿಗೆ. ಆದುದರಿಂದ ಕಾಯ್ದಿಟ್ಟ ಗುಡ್ಡದ ಹುಲ್ಲನ್ನು ಕೊಯ್ದುಕೊಳ್ಳುವ ಹಕ್ಕು ಮೊದಲು ಅವನಿಗೇ ಸಲ್ಲಲಿ. ಸಮಿತಿಯಲ್ಲಿ ಅವನಿಗೂ ಹೆಣ್ಣುಮಕ್ಕಳಿಗೂ ಸ್ಥಾನವಿರಲಿ.

ಅನುದಾನ ಕೆಲವು ವರ್ಷಗಳಲ್ಲಿ ಮುಗಿಯುತ್ತದೆ. ಒಡ್ಡು ಪ್ರತಿ ಮಳೆಗಾಲದಲ್ಲೂ ಒಡೆಯುತ್ತದೆ. ದುರಸ್ತಿಗೆಂದು ಊರೇ ನಿಧಿಯೊಂದನ್ನು ಕೂಡಿಸಿ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಅದರ ಲೆಕ್ಕ ಓದಿಸಬೇಕು. ಅರ್ಜಿ ಬರೆಯುವ ಮುಂಚೆಯೇ ಈ ನಿರ್ಣಯವಾಗಲಿ.